ಅಂಜಿದ ಮೂಕಜೀವವೂ ವ್ರತಿಯ ಮನೆಯೂ

ಅಣುವ್ರತಗಳನ್ನು ಸ್ವೀಕರಿಸಿದ ಗೃಹಸ್ಥನ ಪರೀಕ್ಷೆ ಬಸದಿಯಲ್ಲಿ ನಡೆಯುವುದು ಕಡಿಮೆ. ಅಲ್ಲಿ ಪರಿಸರವು ಶಾಂತ, ಸುತ್ತಲಿರುವವರು ಧರ್ಮಬಂಧುಗಳು, ಕಣ್ಣೆದುರಿಗೆ ವೀತರಾಗಬಿಂಬ. ಅಂತಹ ಸ್ಥಳದಲ್ಲಿ ಕ್ಷಮೆಯನ್ನು ಪಾಲಿಸುವುದು ಕಷ್ಟವಲ್ಲ. ನಿಜವಾದ ಪರೀಕ್ಷೆ ನಡೆಯುವುದು ಮನೆಯೊಳಗೆ. ಅದರಲ್ಲಿಯೂ, ಎದುರುತ್ತರ ಕೊಡಲಾರದ ಜೀವವೊಂದು ನಮ್ಮ ಅಚ್ಚುಕಟ್ಟನ್ನು ಕೆಡಿಸಿದ ಗಳಿಗೆಯಲ್ಲಿ. ಅಂತಹ ಒಂದು ಗಳಿಗೆಯನ್ನು ಎದುರಿಗಿಟ್ಟುಕೊಂಡು ಅಹಿಂಸಾಣುವ್ರತವನ್ನೂ ಪ್ರೋಷಧೋಪವಾಸವನ್ನೂ ಅಭ್ಯಾಸ ಮಾಡುವುದು ಈ ಪಾಠದ ಉದ್ದೇಶ.

1. ವಿಚಾರಕ್ಕೆ ಎತ್ತಿಕೊಂಡ ಪ್ರಸಂಗ

ಆಶ್ವಯುಜ ಬಹುಳ ಚತುರ್ದಶಿಯ ರಾತ್ರಿ ಎಂದು ಭಾವಿಸೋಣ. ಕ್ರಿಸ್ತಪೂರ್ವ 527ರಲ್ಲಿ ಈ ರಾತ್ರಿಯ ಕೊನೆಯ ಜಾವದಲ್ಲಿಯೇ ವರ್ಧಮಾನ ಸ್ವಾಮಿಯು ಪಾವಾಪುರಿಯಲ್ಲಿ ನಿರ್ವಾಣ ಹೊಂದಿದನೆಂಬುದು ನಮ್ಮ ಪರಂಪರೆ. ಮನೆಯ ಯಜಮಾನನು ಚತುರ್ದಶಿಯ ಉಪವಾಸದಲ್ಲಿದ್ದಾನೆ. ನಡುಮನೆಯನ್ನು ಸಾರಿಸಿ, ಬೆಳಗಿನ ನಿರ್ವಾಣಪೂಜೆಗೆಂದು ಹರಿವಾಣದಲ್ಲಿ ಅಕ್ಷತೆ, ಫಲಗಳನ್ನು ಅಣಿಮಾಡಿ ಇಡಲಾಗಿದೆ. ಬೀದಿಯಲ್ಲಿ ರಾತ್ರಿಯಿಡೀ ಪಟಾಕಿಗಳ ಸದ್ದು. ಯಜಮಾನನು ನಸುಕಿನಲ್ಲಿ ಎದ್ದು ದೀಪ ಹಚ್ಚಿ ನೋಡುತ್ತಾನೆ: ಮನೆಯ ನಾಯಿ ನಡುಮನೆಯಲ್ಲಿ ಮೂತ್ರ ಮಾಡಿದೆ, ಚಾಪೆಯನ್ನು ಹರಿದಿದೆ, ಹರಿವಾಣ ಮಗುಚಿ ಅಕ್ಷತೆ ಚೆಲ್ಲಾಪಿಲ್ಲಿಯಾಗಿದೆ, ಹಿತ್ತಿಲ ಬಾಗಿಲಿನ ಕೆಳಭಾಗದಲ್ಲಿ ಉಗುರಿನಿಂದ ಕೆರೆದ ಗೀರುಗಳಿವೆ. ನಾಯಿಯು ಮಂಚದ ಕೆಳಗೆ, ಗೋಡೆಯ ಮೂಲೆಗೆ ಒತ್ತಿಕೊಂಡು, ಬಾಲವನ್ನು ಕಾಲುಗಳ ನಡುವೆ ಮುದುರಿಕೊಂಡು ನಡುಗುತ್ತಿದೆ.

ಮೊದಲು ಬಾಯಿಗೆ ಬರುವುದು ಬೈಗುಳ. ಎರಡನೆಯದಾಗಿ ಕೈ ಕೋಲನ್ನು ಹುಡುಕುತ್ತದೆ. ಮೂರನೆಯದಾಗಿ ಒಂದು ತೀರ್ಪು ಹೊರಡುತ್ತದೆ: “ಇದನ್ನು ಹಿತ್ತಿಲಲ್ಲಿ ಕಟ್ಟಿ ಹಾಕಿ, ಇಂದು ಇದಕ್ಕೆ ಅನ್ನವಿಲ್ಲ, ಬುದ್ಧಿ ಬರಲಿ.” ತಾನು ಉಪವಾಸದಲ್ಲಿರುವವನು ಮತ್ತೊಂದು ಜೀವಕ್ಕೆ ಹಸಿವನ್ನು ಶಿಕ್ಷೆಯಾಗಿ ವಿಧಿಸುವ ಈ ಮಾತಿನಲ್ಲಿಯೇ ನಮ್ಮ ಪಾಠವಿದೆ.

2. ಭಯಸಂಜ್ಞೆಯ ಸ್ವರೂಪ

ಆಹಾರ, ಭಯ, ಮೈಥುನ, ಪರಿಗ್ರಹ ಎಂಬ ನಾಲ್ಕು ಸಂಜ್ಞೆಗಳು ಸಂಸಾರಿ ಜೀವಗಳನ್ನು ಬಾಧಿಸುತ್ತವೆ. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ಭಯಸಂಜ್ಞೆಗೆ ನಾಲ್ಕು ಕಾರಣಗಳನ್ನು ಹೇಳಿದ್ದಾರೆ: ಭಯಂಕರವಾದುದರ ದರ್ಶನ, ಹಿಂದೆ ಕಂಡ ಭಯಂಕರವಾದುದರ ಸ್ಮರಣೆ, ಸತ್ತ್ವಹೀನತೆ ಮತ್ತು ಅಂತರಂಗದಲ್ಲಿ ಭಯಕರ್ಮದ ಉದೀರಣೆ.

ಈ ನಾಲ್ಕನ್ನೂ ಆ ರಾತ್ರಿಯ ನಾಯಿಗೆ ಅನ್ವಯಿಸಿ ನೋಡಬಹುದು. ಮನುಷ್ಯನ ಕಿವಿಗೆ ಕೇಳುವ ಶಬ್ದದ ಮೇಲಣ ಮಿತಿ ಸೆಕೆಂಡಿಗೆ ಸುಮಾರು 20,000 ಕಂಪನಗಳು. ನಾಯಿಗೆ ಸುಮಾರು 45,000ದವರೆಗೂ ಕೇಳಿಸುತ್ತದೆ. ಸಾಧಾರಣ ಮಾತುಕತೆಯ ಸದ್ದು 60 ಡೆಸಿಬೆಲ್‌ನಷ್ಟಿದ್ದರೆ, ನಮ್ಮ ದೇಶದ 1999ರ ನಿಯಮವು ಪಟಾಕಿಗೆ ಹಾಕಿದ ಮಿತಿಯೇ ಸಿಡಿಯುವ ಸ್ಥಳದಿಂದ 4 ಮೀಟರ್ ದೂರದಲ್ಲಿ 125 ಡೆಸಿಬೆಲ್. ಆ ಸದ್ದು ಎಲ್ಲಿಂದ ಬಂತು, ಯಾವಾಗ ನಿಲ್ಲುತ್ತದೆ ಎಂಬುದನ್ನು ತಿಳಿಯುವ ಮಾರ್ಗ ಆ ಪ್ರಾಣಿಗಿಲ್ಲ. ಇದು ದರ್ಶನಕಾರಣ. ಕಳೆದ ವರ್ಷ ಹೆದರಿದ ನಾಯಿ ಈ ವರ್ಷ ಮೊದಲ ಪಟಾಕಿಗೇ ನಡುಗತೊಡಗುತ್ತದೆ, ಇದು ಸ್ಮರಣಕಾರಣ. ಮುಚ್ಚಿದ ಬಾಗಿಲನ್ನು ತೆರೆಯಲಾರದು, ಸಹಾಯವನ್ನು ಮಾತಿನಲ್ಲಿ ಬೇಡಲಾರದು, ಇದು ಸತ್ತ್ವಹೀನತೆ. ಅಂತರಂಗಕಾರಣವಾದ ಕರ್ಮವಂತೂ ನಮ್ಮೆಲ್ಲರಂತೆ ಅದಕ್ಕೂ ಇದೆ.

ಶರೀರಶಾಸ್ತ್ರವು ಹೇಳುವುದೂ ಇದಕ್ಕೆ ವಿರುದ್ಧವಲ್ಲ. ಭಯವುಂಟಾದಾಗ ಅಡ್ರಿನಲ್ ಗ್ರಂಥಿಗಳಿಂದ ಸ್ರಾವಗಳು ರಕ್ತಕ್ಕೆ ಸೇರುತ್ತವೆ, ಎದೆಬಡಿತ ಏರುತ್ತದೆ, ಸ್ನಾಯುಗಳು ಓಟಕ್ಕೆ ಸಿದ್ಧವಾಗುತ್ತವೆ, ಮಲಮೂತ್ರಗಳ ಮೇಲಿನ ಹಿಡಿತ ತಪ್ಪಬಹುದು. ನಾಯಿ ಬಾಗಿಲನ್ನು ಕೆರೆದುದು ಬಾಗಿಲನ್ನು ಹಾಳುಮಾಡಲಿಕ್ಕಲ್ಲ, ತಪ್ಪಿಸಿಕೊಳ್ಳಲಿಕ್ಕೆ. ಅಕ್ಷತೆ ಚೆಲ್ಲಿದುದು ಪೂಜೆಯ ಅವಹೇಳನೆಯಲ್ಲ. ಓಡುವ ಜೀವದ ದಾರಿಯಲ್ಲಿ ಹರಿವಾಣವಿತ್ತು, ಅಷ್ಟೇ. ನಮ್ಮ ಕಣ್ಣಿಗೆ ಅಪರಾಧವಾಗಿ ಕಾಣುವುದು ವಾಸ್ತವದಲ್ಲಿ ಭಯವು ನೆಲದ ಮೇಲೆ ಬಿಟ್ಟುಹೋದ ಗುರುತು.

3. ‘ತಪ್ಪಿತಸ್ಥ ಮುಖ’ ಎಂಬ ಭ್ರಾಂತಿ

ಇಲ್ಲಿ ಒಂದು ಆಕ್ಷೇಪ ಬರಬಹುದು. “ನಾಯಿಗೆ ತನ್ನ ತಪ್ಪು ಗೊತ್ತಿದೆ, ಆದುದರಿಂದಲೇ ತಲೆ ತಗ್ಗಿಸಿ ಕಣ್ಣು ತಪ್ಪಿಸುತ್ತದೆ” ಎಂದು ಅನೇಕರು ನಂಬಿದ್ದಾರೆ. ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನ ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ವಿದುಷಿ ಇದನ್ನು 14 ನಾಯಿಗಳ ಮೇಲೆ ಪರೀಕ್ಷಿಸಿ 2009ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ತಿಂಡಿಯನ್ನು ಮುಟ್ಟಬಾರದೆಂದು ನಾಯಿಗೆ ಆಜ್ಞೆ ಮಾಡಿ ಒಡೆಯನು ಹೊರಗೆ ಹೋಗುತ್ತಿದ್ದನು. ಅವನು ಮರಳಿದಾಗ ನಾಯಿಯು ತಿಂಡಿಯನ್ನು ತಿಂದಿತೆಂದೋ ತಿನ್ನಲಿಲ್ಲವೆಂದೋ ಅವನಿಗೆ ತಿಳಿಸಲಾಗುತ್ತಿತ್ತು. ಆ ಮಾತು ಕೆಲವೊಮ್ಮೆ ನಿಜ, ಕೆಲವೊಮ್ಮೆ ಸುಳ್ಳು. ನಾಯಿಯ ‘ತಪ್ಪಿತಸ್ಥ ಮುಖ’ವು ಅದು ತಿಂದಿತೋ ಇಲ್ಲವೋ ಎಂಬುದನ್ನು ಅವಲಂಬಿಸಿರಲಿಲ್ಲ; ಒಡೆಯನು ಗದರಿಸಿದನೋ ಇಲ್ಲವೋ ಎಂಬುದನ್ನೇ ಅವಲಂಬಿಸಿತ್ತು. ತಿನ್ನದೆ ಇದ್ದರೂ ಗದರಿಸಿಕೊಂಡ ನಾಯಿಗಳಲ್ಲಿ ಆ ಮುಖವು ಇನ್ನಷ್ಟು ಎದ್ದು ಕಂಡಿತು.

ಶ್ರಾವಕರು ಇದರಿಂದ ತಿಳಿಯಬೇಕಾದುದಿಷ್ಟು: ಯಾವುದನ್ನು ನಾವು ಪಶ್ಚಾತ್ತಾಪವೆಂದು ಓದುತ್ತೇವೆಯೋ ಅದು ಬಹುಮಟ್ಟಿಗೆ ನಮ್ಮ ಕೋಪಕ್ಕೆ ಎದುರಾಗಿ ಹುಟ್ಟಿದ ಭಯ. ರಾತ್ರಿಯ ಕೆಲಸಕ್ಕೆ ಬೆಳಿಗ್ಗೆ ಕೊಟ್ಟ ಏಟನ್ನು ನಾಯಿಯು ರಾತ್ರಿಯೊಂದಿಗೆ ಜೋಡಿಸಲಾರದು; ಎದುರಿಗೆ ನಿಂತ ಮನುಷ್ಯನೊಂದಿಗೆ ಜೋಡಿಸುತ್ತದೆ. ರಾತ್ರಿ ಬೀದಿಗೆ ಅಂಜಿದ ಜೀವವು ಬೆಳಗಾಗುವಷ್ಟರಲ್ಲಿ ಮನೆಗೂ ಅಂಜುತ್ತದೆ. ಶಿಕ್ಷೆಯ ಫಲ ಇಷ್ಟೇ.

4. ಐದು ಅತಿಚಾರಗಳ ಕನ್ನಡಿ

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಎಣಿಸಿದ್ದಾರೆ. ಈ ಐದೂ ದೂರದ ಕಾಡಿನ ಬೇಟೆಯ ಮಾತಲ್ಲ, ಮನೆಯ ಆಶ್ರಿತರ ಮಾತು ಎಂಬುದು ಗಮನಾರ್ಹ.

ಮೊದಲನೆಯದು ಬಂಧ: ಇಷ್ಟವಾದ ಕಡೆಗೆ ಹೋಗದಂತೆ ಕಟ್ಟುವುದು. ಹೆದರಿದ ನಾಯಿ ಬಯಸುವುದು ಅಡಗಲು ಒಂದು ಮೂಲೆಯನ್ನು. ಅದನ್ನು ಬಯಲಿನಲ್ಲಿ ಗಿಡ್ಡ ಸರಪಳಿಯಿಂದ ಕಟ್ಟುವುದು ಬಂಧ. ಎರಡನೆಯದು ವಧ: ಇಲ್ಲಿ ಇದರ ಅರ್ಥ ಕೊಲ್ಲುವುದಲ್ಲ, ಕೋಲು ಚಾಟಿಗಳಿಂದ ಹೊಡೆಯುವುದು. ಮೂರನೆಯದು ಛೇದ: ಅಂಗಗಳನ್ನು ಕತ್ತರಿಸುವುದು, ಅಂದಕ್ಕಾಗಿ ನಾಯಿಯ ಕಿವಿ, ಬಾಲಗಳನ್ನು ಕತ್ತರಿಸುವವರು ಇದನ್ನು ಯೋಚಿಸಬೇಕು. ನಾಲ್ಕನೆಯದು ಅತಿಭಾರಾರೋಪಣ: ಹೊರಲಾರದಷ್ಟು ಹೊರೆ ಹೇರುವುದು. ಐದನೆಯದು ಅನ್ನಪಾನನಿರೋಧ: ಅನ್ನನೀರುಗಳನ್ನು ತಡೆದು ಹಸಿವು ಬಾಯಾರಿಕೆಗಳಿಂದ ಬಾಧಿಸುವುದು.

ನಮ್ಮ ದೇಶವು 1960ರಲ್ಲಿ ಪ್ರಾಣಿಹಿಂಸೆಯ ತಡೆಗಾಗಿ ಮಾಡಿದ ಅಧಿನಿಯಮದ 11ನೆಯ ಕಲಮನ್ನು ಓದಿದವರಿಗೆ ಆಶ್ಚರ್ಯವಾಗಬಹುದು. ಪ್ರಾಣಿಯನ್ನು ಹೊಡೆಯುವುದು, ಅತಿಯಾದ ಹೊರೆ ಹೇರುವುದು, ಅಂಗಭಂಗ ಮಾಡುವುದು, ತೀರ ಗಿಡ್ಡ ಅಥವಾ ಭಾರವಾದ ಸರಪಳಿಯಿಂದ ಅನುಚಿತಕಾಲ ಕಟ್ಟಿಹಾಕುವುದು, ಒಡೆಯನಾದವನು ಸಾಕಷ್ಟು ಆಹಾರ, ನೀರು, ಆಶ್ರಯಗಳನ್ನು ಕೊಡದಿರುವುದು, ಇವೆಲ್ಲ ಅಲ್ಲಿ ಅಪರಾಧಗಳು. ಆಚಾರ್ಯರ ಐದು ಅತಿಚಾರಗಳೂ ಅದರಲ್ಲಿ ಕಾಣಿಸುತ್ತವೆ. ಕಾನೂನು ದಂಡದ ಭಯದಿಂದ ತಡೆಯುವುದನ್ನು ವ್ರತಿಯು ಸ್ವಇಚ್ಛೆಯಿಂದ ತಡೆಯಬೇಕು. ಇಲ್ಲವಾದರೆ ವ್ರತಕ್ಕೆ ಅರ್ಥವಿಲ್ಲ.

5. ಉಪವಾಸ ಬೇರೆ, ಅನ್ನಪಾನನಿರೋಧ ಬೇರೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಯಜಮಾನನೂ ಆ ದಿನ ಉಣ್ಣುವುದಿಲ್ಲ, ನಾಯಿಯೂ ಉಣ್ಣುವುದಿಲ್ಲ. ಹೊರಗಿನಿಂದ ನೋಡಿದರೆ ಎರಡೂ ಹೊಟ್ಟೆಗಳು ಖಾಲಿ. ಆದರೆ ಒಂದು ತಪಸ್ಸು, ಇನ್ನೊಂದು ಹಿಂಸೆ. ವ್ಯತ್ಯಾಸವಿರುವುದು ಹೊಟ್ಟೆಯಲ್ಲಲ್ಲ, ಸಂಕಲ್ಪದಲ್ಲಿ. ತಾನಾಗಿ ತಿಳಿದು ತನ್ನ ಇಚ್ಛೆಯನ್ನು ತಡೆಯುವುದು ಉಪವಾಸ. ಮತ್ತೊಬ್ಬರ ಇಚ್ಛೆಯನ್ನು ಬಲದಿಂದ ತಡೆಯುವುದು ನಿರೋಧ. ಉಪವಾಸವನ್ನು ದಾನವಾಗಿ ಕೊಡಲಾಗದು, ದಂಡವಾಗಿ ಹೇರಲೂ ಆಗದು.

ತಿರ್ಯಂಚಗತಿಯ ಜೀವಕ್ಕೆ ಉಪವಾಸ ಸಾಧ್ಯವೇ ಇಲ್ಲವೆಂದು ಇದರ ಅರ್ಥವಲ್ಲ. ವರ್ಧಮಾನ ಸ್ವಾಮಿಯ ಜೀವವು ಹಿಂದೊಂದು ಭವದಲ್ಲಿ ಸಿಂಹವಾಗಿದ್ದಾಗ, ಚಾರಣಮುನಿಗಳ ಉಪದೇಶವನ್ನು ಕೇಳಿ, ವ್ರತವನ್ನು ಸ್ವೀಕರಿಸಿ, ಮಾಂಸವನ್ನು ತೊರೆದು ನಿರಾಹಾರವಾಗಿ ದೇಹವನ್ನು ಬಿಟ್ಟಿತೆಂದು ಪುರಾಣ ಹೇಳುತ್ತದೆ. ಅಲ್ಲಿ ಮುನಿಗಳು ಸಿಂಹದ ಬಾಯಿಂದ ಆಹಾರವನ್ನು ಕಸಿದುಕೊಳ್ಳಲಿಲ್ಲ. ಅದರ ವಿವೇಕವನ್ನು ಎಚ್ಚರಿಸಿದರು. ವ್ರತ ಹುಟ್ಟಿದುದು ಸಿಂಹದ ಒಳಗೆ.

ಅನ್ನಪಾನನಿರೋಧವು ಕೋಪದಿಂದ ಮಾತ್ರವಲ್ಲ, ಮರೆವಿನಿಂದಲೂ ನಡೆಯುತ್ತದೆ. ಮನೆಮಂದಿಯೆಲ್ಲ ಉಪವಾಸವಿದ್ದ ದಿನ ಒಲೆ ಹೊತ್ತುವುದಿಲ್ಲ. ಆಗ ಬಾಗಿಲಲ್ಲಿ ಕಾದಿರುವ ನಾಯಿಯ ತಟ್ಟೆ, ಕೊಟ್ಟಿಗೆಯ ಗೋದಲಿ ಬರಿದಾಗಿ ಉಳಿಯುವ ಸಂಭವವುಂಟು. ಆಶ್ರಿತರಿಗೆ ಉಣಿಸಿ ತಾನು ಉಣ್ಣಬೇಕೆಂಬುದು ಶ್ರಾವಕಾಚಾರದ ಕ್ರಮ. ತಾನು ಉಣ್ಣದ ದಿನವೂ ಅದರ ಮೊದಲರ್ಧ ರದ್ದಾಗುವುದಿಲ್ಲ.

ಬೆಕ್ಕು ಮೊದಲಾದ ಹಿಂಸ್ರಪ್ರಾಣಿಗಳನ್ನು ಸಾಕುವುದನ್ನು ಅನರ್ಥದಂಡದಲ್ಲಿ ಎಣಿಸಿದ ಆಚಾರ್ಯರುಂಟು. ಆದುದರಿಂದ ಸಾಕುವ ಮೊದಲು ಶ್ರಾವಕನು ವಿಚಾರ ಮಾಡಬೇಕು. ಆದರೆ ಒಮ್ಮೆ ಮನೆಯೊಳಗೆ ಬಿಟ್ಟುಕೊಂಡ ಮೇಲೆ ಅದು ಆಶ್ರಿತ ಜೀವ. ಸಾಕಬಾರದಿತ್ತೆಂಬ ವಾದವು ಅದನ್ನು ಹಸಿವಿನಲ್ಲಿ ಕೆಡಹಲು ಅನುಮತಿಯಾಗದು.

6. ಜುಗುಪ್ಸೆಯನ್ನು ಗೆಲ್ಲುವ ಬಗೆ

ಹಾಸ್ಯ, ರತಿ, ಅರತಿ, ಶೋಕ, ಭಯ, ಜುಗುಪ್ಸೆ ಮತ್ತು ಮೂರು ವೇದಗಳನ್ನು ನೋಕಷಾಯಗಳೆಂದು ಕರೆಯುತ್ತಾರೆ. ಮಂಚದ ಕೆಳಗಿನ ನಾಯಿಯನ್ನು ಆಳುತ್ತಿರುವುದು ಭಯ. ನೆಲದ ಮೇಲಣ ಮೂತ್ರವನ್ನು ಕಂಡು ಮುಖ ಹಿಂಡುವ ಯಜಮಾನನನ್ನು ಆಳುತ್ತಿರುವುದು ಜುಗುಪ್ಸೆ. ಎರಡೂ ಚಾರಿತ್ರಮೋಹನೀಯವೆಂಬ ಒಂದೇ ಕರ್ಮದ ಭೇದಗಳು. ಇಬ್ಬರೂ ಒಂದೇ ಬಂಧುತ್ವದಲ್ಲಿದ್ದಾರೆ. ಯಜಮಾನನಿಗೆ ಅದನ್ನು ಅರಿಯುವ ಶಕ್ತಿ ಹೆಚ್ಚಾಗಿದೆ ಎಂಬುದೊಂದೇ ಅಂತರ.

ಸಮ್ಯಗ್ದರ್ಶನದ ಮೂರನೆಯ ಅಂಗವಾದ ನಿರ್ವಿಚಿಕಿತ್ಸೆಗೆ ಸಮಂತಭದ್ರಾಚಾರ್ಯರು ಉದ್ದಾಯನ ರಾಜನನ್ನು ಉದಾಹರಣೆಯಾಗಿ ಹೆಸರಿಸಿದ್ದಾರೆ. ರೋಗಿಷ್ಠ ಮುನಿಯ ವೇಷದಲ್ಲಿ ಪರೀಕ್ಷೆಗೆ ಬಂದ ದೇವನು ಆಹಾರ ಸ್ವೀಕರಿಸಿ ವಾಂತಿ ಮಾಡಿದಾಗ, ರಾಜನು ಹೇಸದೆ ತನ್ನ ಕೈಯಿಂದಲೇ ಶುಚಿಮಾಡಿ ಉಪಚರಿಸಿದನು. ಮುನಿಸೇವೆಗೂ ನಾಯಿಯ ಮೂತ್ರವನ್ನು ಒರೆಸುವುದಕ್ಕೂ ಸಮಾನತೆಯಿಲ್ಲ. ಆದರೆ ಮಲಿನ ವಸ್ತುವನ್ನು ಕಂಡಾಗ ಮನಸ್ಸು ಕೆಡದಂತೆ ನೋಡಿಕೊಳ್ಳುವ ಅಭ್ಯಾಸವನ್ನು ಎಲ್ಲಿಂದಲಾದರೂ ಪ್ರಾರಂಭಿಸಬೇಕಷ್ಟೆ. ಮನೆಯ ನೆಲವು ಅದಕ್ಕೆ ಹತ್ತಿರದ ಸ್ಥಳ.

ಶುಚಿಮಾಡುವ ಕೆಲಸದಲ್ಲಿಯೂ ವ್ರತವಿದೆ. ಪ್ರೋಷಧೋಪವಾಸದ ಐದು ಅತಿಚಾರಗಳಲ್ಲಿ ಮೊದಲ ಮೂರು, ನೋಡದೆ, ಮೃದುವಾಗಿ ಗುಡಿಸದೆ ಮಾಡುವ ಕಾರ್ಯಗಳಿಗೆ ಸಂಬಂಧಿಸಿದವು: ಹಾಗೆ ಮಲಾದಿಗಳನ್ನು ವಿಸರ್ಜಿಸುವುದು, ಹಾಗೆ ವಸ್ತುಗಳನ್ನು ಎತ್ತುವುದು, ಹಾಗೆ ಹಾಸಿಗೆಯನ್ನು ಹಾಸುವುದು. ಚೆಲ್ಲಿದ ಅಕ್ಷತೆಗೂ ಹಣ್ಣಿಗೂ ಇರುವೆಗಳು ಮುತ್ತಿರಬಹುದು. ಸಿಟ್ಟಿನಲ್ಲಿ ಬಿಂದಿಗೆಯ ನೀರನ್ನು ಸುರಿದು ಬಲವಾಗಿ ಗುಡಿಸಿದರೆ, ಒಂದು ಜೀವದ ಮೇಲಣ ಕೋಪಕ್ಕೆ ನೂರು ಜೀವಗಳು ಬಲಿಯಾಗುತ್ತವೆ. ದೀಪವನ್ನು ಹತ್ತಿರ ಹಿಡಿದು ನೋಡಬೇಕು. ಮೃದುವಾದ ಬಟ್ಟೆಯಿಂದ ಒತ್ತಿ ತೆಗೆಯಬೇಕು. ಸೋಸಿದ ನೀರಿನಿಂದ ಒರೆಸಬೇಕು. ವಾಸನೆ ಪೂರ್ಣವಾಗಿ ಹೋಗುವಂತೆ ಒರೆಸುವುದು ಲೌಕಿಕವಾಗಿಯೂ ಉಪಯುಕ್ತ. ವಾಸನೆ ಉಳಿದ ಕಡೆಯಲ್ಲಿಯೇ ನಾಯಿ ಮತ್ತೆ ಮೂತ್ರ ಮಾಡುವುದುಂಟು.

ನಾಲ್ಕನೆಯ ಅತಿಚಾರ ಅನಾದರ. ಹಸಿವಿನಿಂದ ಬಾಧಿತನಾಗಿ ಆವಶ್ಯಕ ಕ್ರಿಯೆಗಳಲ್ಲಿ ಆದರ ತಗ್ಗುವುದೇ ಅದು ಎಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಉಪವಾಸದ ದಿನ ಮನೆಮಂದಿಯ ಮೇಲೆ ರೇಗುವವರು ಈ ವಿವರಣೆಯನ್ನು ಮನನ ಮಾಡಬೇಕು. ಐದನೆಯದು ಸ್ಮೃತ್ಯನುಪಸ್ಥಾನ, ಅಂದರೆ ಏಕಾಗ್ರತೆಯಿಲ್ಲದ ಮರೆವು. ತಾನು ವ್ರತದಲ್ಲಿದ್ದೇನೆಂಬುದನ್ನು ಒಂದು ಕ್ಷಣ ಮರೆತವನ ಕೈಯೇ ಕೋಲಿನತ್ತ ಹೋಗುವುದು.

7. ಜೀವಂಧರನ ಕಥೆ ಹೇಳುವುದೇನು?

ವಾದೀಭಸಿಂಹನ ಕ್ಷತ್ರಚೂಡಾಮಣಿಯಲ್ಲಿಯೂ, ಕನ್ನಡದಲ್ಲಿ ಭಾಸ್ಕರನು 1424ರಲ್ಲಿ ರಚಿಸಿದ ಜೀವಂಧರ ಚರಿತೆಯಲ್ಲಿಯೂ ಪ್ರಸಿದ್ಧನಾದ ಜೀವಂಧರನ ಒಂದು ಪ್ರಸಂಗ ನಮ್ಮ ವಿಷಯಕ್ಕೆ ಸಮೀಪವಾದುದು. ಯಜ್ಞಕ್ಕೆಂದು ಇಟ್ಟ ಹವಿಸ್ಸನ್ನು ಮುಟ್ಟಿತೆಂಬ ಕಾರಣಕ್ಕೆ ಜನರು ಒಂದು ನಾಯಿಯನ್ನು ಸಾಯುವಂತೆ ಹೊಡೆದರು. ಜೀವಂಧರನು ಅದನ್ನು ಬದುಕಿಸಲು ಯತ್ನಿಸಿ, ಆಗದಿದ್ದಾಗ ಬಳಿಯಲ್ಲಿ ಕುಳಿತು ಅದರ ಕಿವಿಯಲ್ಲಿ ಪಂಚನಮಸ್ಕಾರ ಮಂತ್ರವನ್ನು ಹೇಳಿದನು. ಆ ನಾಯಿಯ ಜೀವವು ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ, ಕೃತಜ್ಞತೆಯಿಂದ ಅವನಿಗೆ ನೆರವಾಯಿತು.

ಈ ಕಥೆಯನ್ನು ಮಂತ್ರದ ಮಹಿಮೆಗಾಗಿ ನಾವು ಮಕ್ಕಳಿಗೆ ಹೇಳುತ್ತೇವೆ, ಅದು ಸರಿಯೇ. ಆದರೆ ಹೊಡೆದವರನ್ನೂ ನೋಡಬೇಕು. ಅವರೂ ಒಂದು ಧಾರ್ಮಿಕ ಕ್ರಿಯೆಯಲ್ಲಿಯೇ ತೊಡಗಿದ್ದರು. ತಮ್ಮ ದ್ರವ್ಯದ ಶುದ್ಧಿಯನ್ನು ಕಾಯಲೆಂದೇ ಕೋಲೆತ್ತಿದರು. ಮಗುಚಿದ ಹರಿವಾಣದ ಮುಂದೆ ನಿಂತ ನಮ್ಮ ಯಜಮಾನನು ಕೋಲೆತ್ತಿದರೆ ಕಥೆಯಲ್ಲಿ ಅವನ ಸ್ಥಾನ ಯಾವುದು? ಕುಳಿತು ಸಂತೈಸಿದರೆ ಯಾವುದು? ಅಕ್ಷತೆಯನ್ನು ಮತ್ತೆ ತೊಳೆದು ಅಣಿಮಾಡಲು ಕಾಲುಗಂಟೆ ಸಾಕು.

8. ನಾಯಿಯಿಂದ ಮನುಷ್ಯನೆಡೆಗೆ

ಮೂಕಜೀವದ ಭಯವನ್ನು ಓದಲು ಕಲಿತವನು ಮನುಷ್ಯರ ಭಯವನ್ನೂ ಓದಬಲ್ಲನು. ರಾತ್ರಿ ಹಾಸಿಗೆಯನ್ನು ಒದ್ದೆಮಾಡಿಕೊಂಡ ಮಗು, ಕೈಜಾರಿ ಒಡೆದ ಜಾಡಿಯ ಚೂರುಗಳನ್ನು ಬಚ್ಚಿಟ್ಟ ಮಗು, ಯಜಮಾನಿಯ ದನಿ ಕೇಳಿದೊಡನೆ ಕೈನಡುಗಿ ಪಾತ್ರೆ ಬೀಳಿಸುವ ಕೆಲಸದಾಕೆ, ಇವರಲ್ಲಿಯೂ ಕೆಟ್ಟುಹೋದ ವಸ್ತು ಕಣ್ಣಿಗೆ ಬೀಳುತ್ತದೆ, ಕೆಡಿಸಿದ ಭಯ ಕಾಣುವುದಿಲ್ಲ. ಸತ್ಯವ್ರತದ ಐದು ಭಾವನೆಗಳಲ್ಲಿ ಕ್ರೋಧ, ಲೋಭಗಳ ತ್ಯಾಗದೊಂದಿಗೆ ಭೀರುತ್ವದ ತ್ಯಾಗವನ್ನೂ ಉಮಾಸ್ವಾಮಿಗಳು ಸೇರಿಸಿದ್ದಾರೆ. ಅಂಜಿದವನು ಸುಳ್ಳಾಡುತ್ತಾನೆ ಎಂಬುದು ಇದರ ಸೂಚನೆ. ಹಾಗಾದರೆ ಮನೆಯಲ್ಲಿ ಭಯವನ್ನು ಬಿತ್ತುವ ಹಿರಿಯನು ಅಸತ್ಯವನ್ನೂ ಬಿತ್ತುತ್ತಾನೆ. ಮಗು ಸುಳ್ಳು ಹೇಳಿತೆಂದು ಅವನು ಮತ್ತೆ ದಂಡಿಸುತ್ತಾನೆ; ಭಯ ಇಮ್ಮಡಿಯಾಗುತ್ತದೆ.

ನಮ್ಮ ನಾಡಿನ ಜೈನ ಶಾಸನಗಳಲ್ಲಿ ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ನಿರತರಾದವರೆಂದು ದಾನಿಗಳನ್ನು ಹೊಗಳುವುದು ರೂಢಿ. ಈ ನಾಲ್ಕರಲ್ಲಿ ಅಭಯಕ್ಕೆ ಹಣ ಬೇಕಿಲ್ಲ, ಭೂಮಿ ಬೇಕಿಲ್ಲ. ಎತ್ತಿದ ಕೈಯನ್ನು ಇಳಿಸಿದರೆ ಸಾಕು.

9. ಆಚರಣೆಗೆ ಕೆಲವು ನಿಯಮಗಳು

ನಾಯಿಯಿರುವ ಮನೆಯ ಶ್ರಾವಕ ಶ್ರಾವಿಕೆಯರು ದೀಪಾವಳಿಗೆ ಮುಂಚಿತವಾಗಿ ಈ ನಿಯಮಗಳನ್ನು ಕೈಗೊಳ್ಳಬಹುದು.

(ಅ) ಹಬ್ಬದ ದಿನಗಳಲ್ಲಿ ನಾಯಿಯನ್ನು ಹಗಲಿನಲ್ಲಿಯೇ ತಿರುಗಾಡಿಸಿ, ಸೂರ್ಯಾಸ್ತದೊಳಗೆ ಉಣಿಸುವುದು. ನಮ್ಮ ರಾತ್ರಿಭೋಜನ ತ್ಯಾಗದ ಕ್ರಮಕ್ಕೂ ಇದು ಹೊಂದುತ್ತದೆ. ಸದ್ದು ಏರಿದ ಮೇಲೆ ಅಂಜಿದ ನಾಯಿ ಉಣ್ಣುವುದೂ ಇಲ್ಲ. ನೀರು ಮಾತ್ರ ಸದಾ ಹತ್ತಿರವಿರಲಿ.

(ಆ) ಬೀದಿಯಿಂದ ದೂರದ ಕೋಣೆಯೊಂದರಲ್ಲಿ ಕಿಟಕಿ ಮುಚ್ಚಿ, ಪರದೆ ಎಳೆದು, ಹಳೆಯ ಬಟ್ಟೆ ಹಾಸಿ, ಅಡಗಲು ಎಡೆ ಮಾಡಿಕೊಡುವುದು. ಕಟ್ಟಬಾರದು. ಅಡಗಿದುದನ್ನು ಬಲವಂತವಾಗಿ ಎಳೆಯಲೂಬಾರದು. ಅಂಜಿದ ನಾಯಿ ಕಚ್ಚಬಹುದು.

(ಇ) ಬಳಿಯಲ್ಲಿ ಶಾಂತವಾಗಿ ಕುಳಿತಿರುವುದು. ಸಂತೈಸಿದರೆ ಭಯ ಹೆಚ್ಚುತ್ತದೆಂಬುದು ತಪ್ಪು ಗ್ರಹಿಕೆ. ಜಪಕ್ಕೆ ಕುಳಿತುಕೊಳ್ಳುವವರು ಅದೇ ಕೋಣೆಯಲ್ಲಿ ಕುಳಿತರೆ ಎರಡೂ ಸಾಧಿಸುತ್ತವೆ.

(ಈ) ಭಯವು ಅತಿಯಾಗಿದ್ದರೆ ಹಬ್ಬಕ್ಕೆ ಕೆಲವು ವಾರಗಳ ಮೊದಲೇ ಪಶುವೈದ್ಯರನ್ನು ಕಾಣುವುದು. ಮನುಷ್ಯರ ಔಷಧವನ್ನು ತಾವಾಗಿ ಕೊಡಬಾರದು.

(ಉ) ಮನೆಯಲ್ಲಿ ಏನೇ ಕೆಟ್ಟಿದ್ದರೂ, ನೋಡಿದೊಡನೆ ಒಂಬತ್ತು ಬಾರಿ ಣಮೋಕಾರವನ್ನು ಜಪಿಸದೆ ಮಾತನಾಡುವುದಿಲ್ಲ, ಕೈಯೆತ್ತುವುದಿಲ್ಲ ಎಂಬ ನಿಯಮ.

(ಊ) ತನ್ನ ಉಪವಾಸದ ದಿನ ಆಶ್ರಿತ ಪ್ರಾಣಿಗಳ ಆಹಾರವನ್ನು ತಾನೇ ವಿಚಾರಿಸಿಕೊಳ್ಳುವ ನಿಯಮ.

(ಋ) ಪಟಾಕಿಯನ್ನು ತ್ಯಜಿಸುವ ನಿಯಮ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದಿನ ಪಟಾಕಿಗಳನ್ನು ಸುಡಬಾರದೆಂದು ಸರ್ವೋಚ್ಚ ನ್ಯಾಯಾಲಯವು 2005ರಲ್ಲಿಯೇ ಆದೇಶಿಸಿತು. ದೀಪಾವಳಿಯಂದು ರಾತ್ರಿ 8ರಿಂದ 10ರವರೆಗೆ ಮಾತ್ರ ಸುಡಬಹುದೆಂದು 2018ರಲ್ಲಿ ಮಿತಿ ಹಾಕಿತು. ಶ್ರಾವಕನಿಗೆ ಪ್ರಶ್ನೆ ಗಂಟೆಯದಲ್ಲ. ಪ್ರಯೋಜನವಿಲ್ಲದೆ ಜೀವಗಳನ್ನು ಬಾಧಿಸುವುದು ಅನರ್ಥದಂಡ. ಅದು ಸಂಜೆ ಎಂಟಕ್ಕೂ ಅನರ್ಥದಂಡವೇ.

10. ಮನನಕ್ಕಾಗಿ ಪ್ರಶ್ನೆಗಳು

1. ಭಯಸಂಜ್ಞೆಯ ನಾಲ್ಕು ಕಾರಣಗಳಾವುವು? ನಿಮ್ಮ ಮನೆಯಲ್ಲಿ ನಡೆದ ಒಂದು ಪ್ರಸಂಗಕ್ಕೆ ಅವನ್ನು ಅನ್ವಯಿಸಿರಿ.

2. ಉಪವಾಸಕ್ಕೂ ಅನ್ನಪಾನನಿರೋಧಕ್ಕೂ ಇರುವ ಭೇದವನ್ನು ಮಕ್ಕಳಿಗೆ ತಿಳಿಯುವಂತೆ ಹೇಳಿರಿ.

3. ಪ್ರೋಷಧೋಪವಾಸದ ಐದು ಅತಿಚಾರಗಳಲ್ಲಿ ಸಿಟ್ಟಿನಿಂದ ಮನೆ ಗುಡಿಸುವವನಿಗೆ ಯಾವುವು ತಗಲುತ್ತವೆ?

4. ನಿಮ್ಮ ದನಿಯನ್ನು ಕೇಳಿ ಮನೆಯಲ್ಲಿ ಯಾರು ಯಾರು ಅಂಜುತ್ತಾರೆ? ಈ ಪ್ರಶ್ನೆಗೆ ಉತ್ತರವನ್ನು ಬರೆಯಬೇಕಾದುದಿಲ್ಲ. ಮುಂದಿನ ಚತುರ್ದಶಿಯ ಪ್ರತಿಕ್ರಮಣದಲ್ಲಿ ನೆನೆದುಕೊಂಡರೆ ಸಾಕು.